ಪದಬಂಧಕ್ಕೆ ಒಂದು ಮಾತು ಬೇಕು: ಬಟ್ಟೆಯಲ್ಲೂ ಇರಬೇಕು, ಕಡಲಲ್ಲೂ ಇರಬೇಕು

ಪದಬಂಧದವ, ಪಡುಬಿದ್ರಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಂಘದ ದೀಪಾವಳಿ ಸಂಚಿಕೆಗೆ ಪದಬಂಧ ಮಾಡಿಕೊಡುವುದು ನನ್ನ ಕೆಲಸ. ಈ ಸಲ ಒಂದು ಇಂಗ್ಲಿಷ್ ಪದಬಂಧದ ಸುಳಿವು ತಲೆಯಲ್ಲಿ ಕೂತುಬಿಟ್ಟಿದೆ. "ಹತ್ತಿ, ಉಣ್ಣೆ ಬಾಚುವವ; ಉದ್ದನೆಯ ಕಡಲಲೆ." ಎರಡಕ್ಕೂ ಒಂದೇ ಉತ್ತರ, ಕೋಂಬರ್.

ನನ್ನ ಪ್ರಶ್ನೆ ಎರಡು. ಹತ್ತಿ ಬಾಚುವುದಕ್ಕೂ ಅಲೆಗೂ ಎಂತ ಸಂಬಂಧ? ಎರಡನೆಯದು, ನಮ್ಮ ಕನ್ನಡದಲ್ಲಿ ಹೀಗೆ ಬಟ್ಟೆಯ ಲೋಕದಲ್ಲೂ ಕಡಲಿನಲ್ಲೂ ಕಾಲಿಟ್ಟಿರುವ ಮಾತು ಯಾವುದಾದರೂ ಉಂಟಾ? ಸುಮ್ನೆ ನಿಘಂಟು ತೆರೆದು ಹೇಳುವುದಕ್ಕಿಂತ ಆ ಕೆಲಸ ಮಾಡಿದವರು ಹೇಳಿದರೆ ನನಗೆ ಜಾಸ್ತಿ ಖುಷಿ. ಇಲ್ಲಿ ಮಗ್ಗದವರೂ ಇದ್ದೀರಿ, ಬೋಟಿನವರೂ ಇದ್ದೀರಿ, ಅದಕ್ಕೇ ಕೇಳ್ತಾ ಇದ್ದೇನೆ.

ಮಿಲ್ ಫಿಟ್ಟರ್, ಕಟಪಾಡಿ

ಕೋಂಬರ್ ಹೆಸರು ಕೇಳಿ ಖುಷಿಯಾಯಿತು. ಕೊಯಮತ್ತೂರಿನ ನೂಲಿನ ಗಿರಣಿಯಲ್ಲಿ ನಾನು ಇದ್ದದ್ದೇ ಆ ಖಾತೆಯಲ್ಲಿ. ನಮ್ಮಲ್ಲಿ ಕೋಂಬರ್ ಅಂದರೆ ಮನುಷ್ಯ ಅಲ್ಲ, ಮೆಷಿನ್. ಮೊದಲು ಮನುಷ್ಯನೇ ಆಗಿದ್ದ. ಇಂಗ್ಲೆಂಡಿನಲ್ಲಿ ಉಣ್ಣೆ ಬಾಚುವವರು ಉದ್ದ ಹಲ್ಲಿನ ಕಬ್ಬಿಣದ ಬಾಚಣಿಗೆಯನ್ನು ಬಿಸಿ ಮಾಡಿ, ಕೈಯಲ್ಲೇ ಎಳೆದು ಎಳೆದು ಬಾಚುತ್ತಿದ್ದರು.

ಹತ್ತಿಯ ವಿಷಯಕ್ಕೆ ಬರುತ್ತೇನೆ. ಗಿರಣಿಗೆ ಬಂದ ಹತ್ತಿಯಲ್ಲಿ ಎಳೆಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲ ಎಳೆಯಿರಿ. ಮತ್ತೆ ಜೋಡಿಸಿ, ಮತ್ತೆ ಎಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಎಳೆಗಳು ಸಾಲಾಗಿ ನಿಲ್ಲುತ್ತವೆ. ಕೆಲವು ಒಂದು ಇಂಚಿಗಿಂತ ಉದ್ದ, ಕೆಲವು ಅರ್ಧ ಇಂಚೂ ಇಲ್ಲ. ಈ ಗಿಡ್ಡ ಎಳೆಗಳೇ ತೊಂದರೆ. ಅವು ನೂಲಿನ ಹುರಿಯೊಳಗೆ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ತುದಿ ಹೊರಗೆ ಬರುತ್ತದೆ, ಬಟ್ಟೆ ಜುಂಗು ಜುಂಗಾಗುತ್ತದೆ.

ಕಾರ್ಡಿಂಗ್, ಅಂದರೆ ಹತ್ತಿಯ ಗಂಟು ಬಿಡಿಸಿ ಎಳೆ ಬಿಡಿ ಮಾಡುವುದು, ಆದ ಮೇಲೆ ಹತ್ತಿಯನ್ನು ಚಾಪೆಯ ಹಾಗೆ ಹಾಸಿ ಸುತ್ತಿ ಕೋಂಬರ್‌ಗೆ ಕೊಡುತ್ತಾರೆ. ಅಲ್ಲಿ ನಿಪ್ಪರ್ ಅಂತ ಎರಡು ದವಡೆ ಉಂಟು. ಅದು ಹತ್ತಿಯನ್ನು ಕಚ್ಚಿ ಹಿಡಿಯುತ್ತದೆ, ಒಂದು ಅಂಚು ಮಾತ್ರ ಹೊರಗೆ ಇಳಿಬಿದ್ದಿರುತ್ತದೆ. ಕೆಳಗಿನಿಂದ ಸೂಜಿ ಹಲ್ಲುಗಳ ಉರುಳೆ ತಿರುಗಿ ಬಂದು ಆ ಅಂಚನ್ನು ಬಾಚುತ್ತದೆ. ದವಡೆಗೆ ಸಿಗದಷ್ಟು ಗಿಡ್ಡ ಇದ್ದದ್ದೆಲ್ಲ ಹಲ್ಲಿಗೆ ಸಿಕ್ಕಿ ಹೋಗುತ್ತದೆ. ದವಡೆ ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಒಂದು ನಿಮಿಷಕ್ಕೆ ಹೀಗೆ ನೂರಾರು ಸಲ. ಹಾಕಿದ ಹತ್ತಿಯಲ್ಲಿ ನೂರಕ್ಕೆ 12ರಿಂದ 20 ಭಾಗ ಹೀಗೆ ಹೊರಗೆ ಬೀಳುತ್ತದೆ. ಉಳಿದದ್ದು ರೇಷ್ಮೆಯಂತೆ ಹೊಳೆಯುತ್ತದೆ.

ಇಂಥ ಮೆಷಿನನ್ನು ಮಾಡಿದವನು ಫ್ರಾನ್ಸಿನ ಮ್ಯೂಲೂಸ್ ಊರಿನ ಜೋಸುವೆ ಹೈಲ್‌ಮನ್, 1845ರಲ್ಲಿ. ಮಗಳು ಕೂದಲು ಬಾಚಿಕೊಳ್ಳುವುದನ್ನು ನೋಡಿ ಅವನಿಗೆ ಉಪಾಯ ಹೊಳೆಯಿತು ಅನ್ನುವ ಕತೆ ಗಿರಣಿಗಳಲ್ಲಿ ಈಗಲೂ ಹೇಳುತ್ತಾರೆ.

ಇನ್ನೊಂದು ವಿಷಯ. ಹೀಗೆ ಹೊರಗೆ ಬಿದ್ದ ಗಿಡ್ಡ ಹತ್ತಿಗೂ ವ್ಯಾಪಾರದಲ್ಲಿ ಕೋಂಬರ್ ಅಂತಲೇ ಹೆಸರು. ಅದು ಕಸ ಅಲ್ಲ ಮಾರಾಯ್ರೆ. ನಿಮ್ಮ ಕಿಸೆಯಲ್ಲಿರುವ ನೋಟಿನ ಕಾಗದಕ್ಕೆ ಅದೇ ಕಚ್ಚಾಮಾಲು.

ಬೆಂದೂರ್ ಬಾಯಿ, ಮಂಗಳೂರು

ಫಿಟ್ಟರ್ ಅಣ್ಣ, ಬನಿಯನ್ ಪೆಟ್ಟಿಗೆಯ ಮೇಲೆ ಕೋಂಬ್ಡ್ ಕಾಟನ್ ಅಂತ ಇರುತ್ತದಲ್ಲ, ಅದು ಇದೇನಾ?

ಮಿಲ್ ಫಿಟ್ಟರ್, ಕಟಪಾಡಿ

ಇದೇ. ಅಂಗಡಿಯಲ್ಲಿ ನೂಲಿನ ನಂಬರ್ 60, 80 ಅಂತ ಹೇಳುತ್ತಾರಲ್ಲ, ಅಂಥ ಸಣ್ಣ ನೂಲಿಗೆ ಬಾಚಿದ ಹತ್ತಿಯೇ ಆಗಬೇಕು. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೆ ಅನ್ನುವುದೇ ಆ ನಂಬರ್. 80ರ ನೂಲು ಅಂದರೆ 67,200 ಗಜ. ಅರ್ಧ ಕಿಲೋಗಿಂತ ಕಡಿಮೆ ಹತ್ತಿ, 61 ಕಿಲೋಮೀಟರ್ ನೂಲು. ಪಡುಬಿದ್ರಿಯಿಂದ ಹಿಡಿದರೆ ಉಡುಪಿ ದಾಟಿ ಕುಂದಾಪುರದವರೆಗೆ ಎಳೆಯಬಹುದು. ಗಿಡ್ಡ ಎಳೆ ಇಟ್ಟುಕೊಂಡು ಅಷ್ಟು ಸಣ್ಣಗೆ ನೂಲಲು ಆಗುವುದಿಲ್ಲ, ತುಂಡಾಗುತ್ತದೆ.

ಮಲ್ಪೆ ತಾಂಡೇಲ

ಬಾಚುವುದು ಗೊತ್ತಾಯಿತು. ಅಲೆಯ ವಿಷಯ ನಾನು ಹೇಳುತ್ತೇನೆ.

ಹೊರಗೆ ಆಳದಲ್ಲಿ ಬರುವ ಉದ್ದ ಅಲೆಗೆ ತಲೆ ಒಡೆಯುವುದಿಲ್ಲ. ಬೋಟು ಏರುತ್ತದೆ, ಇಳಿಯುತ್ತದೆ, ಅಷ್ಟೆ. ಅದಕ್ಕೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಹೆದರಿಕೆ ಇರುವುದು ಅಳಿವೆಯಲ್ಲಿ. ಹೊಳೆ ಕಡಲಿಗೆ ಸೇರುವಲ್ಲಿ ಮರಳಿನ ದಿಬ್ಬ ಕಟ್ಟಿರುತ್ತದೆ. ಹೊರಗೆ ಸುಮ್ಮನಿದ್ದ ಅಲೆ ಅಲ್ಲಿಗೆ ಬಂದ ಕೂಡಲೇ ಎದ್ದು ನಿಲ್ಲುತ್ತದೆ. ಎದೆ ನೇರವಾಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಆಮೇಲೆ ಉದ್ದಕ್ಕೂ ಒಂದೇ ಸಲ ಬೀಳುತ್ತದೆ. ಇಂಗ್ಲಿಷಿನವರು ಕೋಂಬರ್ ಅಂತ ಹೇಳುವುದು ಇದಕ್ಕೇ ಇರಬೇಕು.

ಒಳಗೆ ಬರುವಾಗ ಅಳಿವೆಯ ಹೊರಗೆ ನಿಂತು ನೋಡಬೇಕು. ದೊಡ್ಡ ಅಲೆಗಳು ಒಂದೊಂದಾಗಿ ಬರುವುದಿಲ್ಲ, ಮೂರೋ ನಾಲ್ಕೋ ಐದೋ ಒಟ್ಟಿಗೆ ಬರುತ್ತವೆ. ಅವು ಹೋದ ಮೇಲೆ ಸ್ವಲ್ಪ ಹೊತ್ತು ನೀರು ತಗ್ಗುತ್ತದೆ. ಆ ಹೊತ್ತಿಗೆ ಇಂಜಿನ್ ಜೋರು ಮಾಡಿ ಒಳಗೆ ಹೊಡೆಯಬೇಕು, ಮುಂದಿನ ಅಲೆಯ ಬೆನ್ನ ಮೇಲೇ ಇರಬೇಕು, ಅದನ್ನು ದಾಟಬಾರದು. ಹಿಂದಿನ ಅಲೆ ಬಂದು ಹಿಂಭಾಗಕ್ಕೆ ಹೊಡೆದರೆ ಬೋಟು ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟಿಗೆ ಇನ್ನೊಂದು ಅಲೆ ಸಿಕ್ಕಿದರೆ ಮಗುಚಿತು ಅಂತಲೇ ಲೆಕ್ಕ. ಇದರಲ್ಲಿ ಜನ ಕಳೆದುಕೊಂಡ ಮನೆಗಳು ನಮ್ಮ ಪಡುಕರೆ ಉದ್ದಕ್ಕೂ ಉಂಟು. ಅದಕ್ಕೇ ಪದಬಂಧಕ್ಕಾದರೂ ಅಲೆಯ ಮಾತು ಸರಿಯಾಗಿ ಬರಲಿ ಅಂತ ನನ್ನ ಆಸೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲಿಗೆ ಇಳಿಯಲು ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅನ್ನುವುದು ಒಂದು ಕಾರಣ. ಆ ದಿನಗಳಲ್ಲಿ ಅಳಿವೆಯ ಮುಂದೆ ನಿಂತರೆ ಇನ್ನೊಂದು ಕಾರಣ ಕಣ್ಣಿಗೇ ಕಾಣುತ್ತದೆ.

ಕಡಲ ಲೆಕ್ಕ, ಸುರತ್ಕಲ್

ತಾಂಡೇಲಣ್ಣ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನಾನು ಓದಿದ್ದು ಕಡಲತೀರದ ಇಂಜಿನಿಯರಿಂಗ್.

ದೂರದ ಗಾಳಿಯಲ್ಲಿ ಹುಟ್ಟಿ ಬಂದ ಅಲೆ, ಒಂದು ತಲೆ ಹೋಗಿ ಇನ್ನೊಂದು ತಲೆ ಬರಲು 12 ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಆಳ ನೀರಿನಲ್ಲಿ ಒಂದು ತಲೆಯಿಂದ ಇನ್ನೊಂದು ತಲೆಗೆ ಸುಮಾರು 225 ಮೀಟರ್. ವೇಗ ಗಂಟೆಗೆ 67 ಕಿಲೋಮೀಟರ್ ಹತ್ತಿರ. ಆ 225 ಮೀಟರಿನ ಅರ್ಧದಷ್ಟು, ಅಂದರೆ ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಆಳದಲ್ಲೇ ಅದಕ್ಕೆ ತಳ ತಾಗಲು ಶುರುವಾಗುತ್ತದೆ. ನೀರು 3 ಮೀಟರ್ ಆಳಕ್ಕೆ ಬಂದಾಗ ವೇಗ ಗಂಟೆಗೆ 20 ಕಿಲೋಮೀಟರಿಗೆ ಇಳಿದಿರುತ್ತದೆ. ಮುಂದಿನ ಅಲೆ ನಿಧಾನ, ಹಿಂದಿನದು ಇನ್ನೂ ಜೋರು. ಹಾಗಾಗಿ ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ.

ಆಮೇಲೆ ಒಂದು ಹಂತದಲ್ಲಿ ಬುಡ ತಡೆಯುತ್ತದೆ, ತಲೆ ಮುಂದೆ ಹೋಗುತ್ತದೆ. ಓಡುವವನ ಕಾಲಿಗೆ ಹಗ್ಗ ಸಿಕ್ಕಿದ ಹಾಗೆ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳ ಇರುವಲ್ಲಿ ಇದು ಆಗುತ್ತದೆ. 2 ಮೀಟರ್ ಅಲೆ 2.6 ಮೀಟರ್ ನೀರಿನಲ್ಲಿ ಒಡೆಯುತ್ತದೆ ಅಂತ ಲೆಕ್ಕ. ತಳ ಮೆಲ್ಲ ಏರುವ ಕಡೆ ತಲೆಯಿಂದ ನೊರೆ ಜಾರುತ್ತಾ ಬರುತ್ತದೆ. ತಳ ಒಮ್ಮೆಗೇ ಏರುವ ಕಡೆ ತಲೆ ಸುರುಳಿಯಾಗಿ ಮುಂದಕ್ಕೆ ಬೀಳುತ್ತದೆ. ಅಳಿವೆಯ ದಿಬ್ಬ ಎರಡನೆಯ ಜಾತಿ. ಮುಲ್ಕಿ ಹತ್ತಿರ ಶಾಂಭವಿ, ನಂದಿನಿ ಎರಡೂ ಹೊಳೆ ಸೇರುವ ಸಸಿಹಿತ್ಲಿನಲ್ಲಿ ಅಲೆ ಸವಾರಿಯ ಪಂದ್ಯ ನಡೆಸುವುದೂ ಅಲ್ಲಿ ಅಲೆ ಚೆನ್ನಾಗಿ ಎದ್ದು ಒಡೆಯುತ್ತದೆ ಅಂತಲೇ.

ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ ಅಂದಿರಲ್ಲ ಅಣ್ಣ, ಅದು ನೂರಕ್ಕೆ ನೂರು ಸರಿ. ಹತ್ತಿರ ಹತ್ತಿರದ ಉದ್ದದ ಅಲೆಗಳು ಒಂದರ ಮೇಲೊಂದು ಕೂತಾಗ ಕೆಲವು ಕಡೆ ಸೇರಿ ದೊಡ್ಡದಾಗುತ್ತವೆ, ಕೆಲವು ಕಡೆ ಕಳೆದು ತಗ್ಗುತ್ತವೆ. ಆಳ ನೀರಿನಲ್ಲಿ ಆ ಗುಂಪು ಒಂದೊಂದು ಅಲೆಯ ಅರ್ಧ ವೇಗದಲ್ಲಿ ಮಾತ್ರ ಮುಂದೆ ಸಾಗುತ್ತದೆ. ನಿಮ್ಮ ಹಿರಿಯರು ಕಣ್ಣಿನಲ್ಲೇ ಕಲಿತದ್ದನ್ನು ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕಲಿತೆವು.

ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವ ಅಲೆಯೂ ಉಂಟು. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳ ಕಡಲು. ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ಇಲ್ಲಿ ಒಡೆಯುವುದು ಅದು. 2012ರಲ್ಲಿ ಯುನೆಸ್ಕೊ ಕೂಡ ಆ ಹೆಸರನ್ನು ಒಪ್ಪಿಕೊಂಡಿತು. ಈಗ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮುನ್ನೆಚ್ಚರಿಕೆ ಕೊಡುತ್ತದೆ, ಅದು ನಮ್ಮ ಕರಾವಳಿಗೂ ಬರುತ್ತದೆ. ದಯವಿಟ್ಟು ಯಾರೂ ಅದನ್ನು ಸಸಾರ ಮಾಡಬೇಡಿ.

ಪದಬಂಧದವ, ಪಡುಬಿದ್ರಿ

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ಬಾಚಣಿಗೆ ಅಲೆಗೆ ಹೇಗೆ ಬಂತು?

ಕನ್ನಡ ಟೀಚರ್, ಉಡುಪಿ

ಇಂಗ್ಲಿಷಿನಲ್ಲಿ ಕೋಂಬ್ ಅಂದರೆ ಬಾಚಣಿಗೆ ಮಾತ್ರ ಅಲ್ಲ, ಹುಂಜದ ತಲೆಯ ಕೆಂಪು ಜುಟ್ಟೂ ಹೌದು. ಹಲ್ಲು ಹಲ್ಲಾಗಿ ಇರುತ್ತದಲ್ಲ, ಅದಕ್ಕೆ. ಅಲ್ಲಿಂದ ಅಲೆಯ ನೆತ್ತಿಗೂ ಅದೇ ಮಾತು ಹೋಯಿತು. ಆ ನೆತ್ತಿ ಬಾಗಿ ನೊರೆಯಾಗಿ ಬಿದ್ದರೆ ಅಲೆ ಕೋಂಬ್ ಆಯಿತು ಅನ್ನುತ್ತಿದ್ದರು, ಹಾಗೆ ಬೀಳುವ ಅಲೆ ಕೋಂಬರ್ ಆಯಿತು. ಅಂದರೆ ಹತ್ತಿ ಬಾಚುವವನಿಂದ ಅಲೆಗೆ ಹೆಸರು ಬಂದದ್ದಲ್ಲ. ಒಂದೇ ಬುಡದಿಂದ ಎರಡು ಕೊಂಬೆ. ಬೀಚ್‌ಕೋಂಬರ್ ಅನ್ನುವುದು ಬೇರೆ. ಅದು ದಡದಲ್ಲಿ ಬಿದ್ದದ್ದನ್ನು ಹುಡುಕಿಕೊಂಡು ತಿರುಗುವವನು, ಅಲ್ಲಿ ಬಾಚುವ ಅರ್ಥವೇ ಇದೆ.

ಮಗ್ಗದ ಮನೆ, ಕಿನ್ನಿಗೋಳಿ

ನಾನು ಮಗ್ಗದ ಕಡೆಯಿಂದ ಒಂದು ಮಾತು ಕೊಡುತ್ತೇನೆ, ಹಣಿಗೆ.

ತಲೆ ಬಾಚುವ ಹಣಿಗೆ ಎಲ್ಲರಿಗೂ ಗೊತ್ತು. ಮಗ್ಗದಲ್ಲೂ ಒಂದು ಉಂಟು. ಕೆಲವರು ಅಚ್ಚು ಅನ್ನುತ್ತಾರೆ, ಇಳಕಲ್ ಕಡೆಯವರು ಫಣಿ ಅನ್ನುತ್ತಾರೆ. ಹಾಸಿನ, ಅಂದರೆ ಉದ್ದಕ್ಕೆ ಕಟ್ಟಿದ ನೂಲಿನ, ಎಳೆಗಳೆಲ್ಲ ಅದರ ಹಲ್ಲುಗಳ ನಡುವೆ ಹಾದು ಬರಬೇಕು. ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಹೊಕ್ಕು, ಅಂದರೆ ಅಡ್ಡ ನೂಲು, ಹಾಕಿದ ಕೂಡಲೇ ಹಣಿಗೆಯನ್ನು ನಮ್ಮ ಕಡೆಗೆ ಎಳೆದು ಬಡಿಯುತ್ತೇವೆ, ಹೊಕ್ಕು ಜಾಗದಲ್ಲಿ ಕೂರುತ್ತದೆ. ಫಿಟ್ಟರ್ ಅಣ್ಣನ ಬಾಚಣಿಗೆ ಬೇಡದ್ದನ್ನು ತೆಗೆಯುತ್ತದೆ. ನಮ್ಮದು ಇದ್ದದ್ದನ್ನು ಅಲ್ಲಾಡದಂತೆ ಇಡುತ್ತದೆ.

ಬಡಿತ ಒಂದೇ ಹದದಲ್ಲಿ ಇರಬೇಕು. ಇದನ್ನು ಹೇಳುವುದು ಸುಲಭ. ಬೆಳಿಗ್ಗೆ ಕೈಯಲ್ಲಿ ಬಲ ಇರುತ್ತದೆ, ಮಧ್ಯಾಹ್ನ ಊಟ ಆದ ಮೇಲೆ ಕಡಿಮೆಯಾಗುತ್ತದೆ. ಗಮನ ತಪ್ಪಿದರೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಮಗ್ಗದಲ್ಲಿ ಇರುವಾಗ ಕಾಣುವುದಿಲ್ಲ. ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಅಡ್ಡಡ್ಡ ಪಟ್ಟೆ ಕಾಣುತ್ತದೆ. ನಮ್ಮ ಅತ್ತೆ ಸೀರೆ ನೋಡುವುದೇ ಹಾಗೆ. ಬಣ್ಣ ಅಂಚು ನೋಡುವ ಮೊದಲು ಬೆಳಕಿಗೆ ಹಿಡಿಯುತ್ತಾರೆ.

ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಹೊತ್ತಿಗೆ ಮಗ್ಗದಲ್ಲಿ ಕೂರುವವರು ತುಂಬಾ ಕಡಿಮೆಯಾಗಿದ್ದರು. ಇಲ್ಲಿ ತಾಳಿಪಾಡಿ ನೇಕಾರರ ಸಂಘದಲ್ಲಿ ಮತ್ತೆ ಮಗ್ಗಗಳು ಎದ್ದವು, ಹೊಸ ಹೆಂಗಸರು ಕಲಿಯಲು ಬಂದರು. ಈ ಕೆಲಸ ಉಳಿಯಬೇಕು ಅಂತ ಇರುವವರು ಒಂದು ಸೀರೆಯಾದರೂ ತೆಗೆದುಕೊಳ್ಳಿ, ನಾನು ಮನಸ್ಸಿನಿಂದ ಕೇಳುತ್ತೇನೆ.

ಪದಬಂಧದವ, ಪಡುಬಿದ್ರಿ

ಅಕ್ಕ, ಹಣಿಗೆ ಚೆನ್ನಾಗಿ ಉಂಟು. ಆದರೆ ಅದು ಕಡಲಿಗೆ ಹೋಗುವುದಿಲ್ಲ ಅಲ್ವಾ?

ಬೆಂದೂರ್ ಬಾಯಿ, ಮಂಗಳೂರು

ಕೊಂಕಣಿಯಲ್ಲಿ ನಾವು ಅಲೆಗೆ ಲ್ಹಾರ್ ಅನ್ನುತ್ತೇವೆ. ನಿಮ್ಮ ಲಹರಿಯೇ ಅದು. ರಾಜಸ್ಥಾನದಲ್ಲಿ ಲಹರಿಯಾ ಅಂತ ಬಟ್ಟೆ ಉಂಟು, ನಾನು ಅಲ್ಲಿದ್ದಾಗ ಮಾಡುವುದನ್ನು ನೋಡಿದ್ದೇನೆ. ತೆಳ್ಳಗಿನ ಬಟ್ಟೆಯನ್ನು ಒಂದು ಮೂಲೆಯಿಂದ ಓರೆಯಾಗಿ ಸುತ್ತುತ್ತಾ ಹೋಗಿ ಹಗ್ಗದ ಹಾಗೆ ಮಾಡುತ್ತಾರೆ. ಅಲ್ಲಲ್ಲಿ ದಾರದಿಂದ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಹಾಕುತ್ತಾರೆ. ಕಟ್ಟಿದ ಕಡೆ ಬಣ್ಣ ಹಿಡಿಯುವುದಿಲ್ಲ. ಬಿಚ್ಚಿದರೆ ಸೀರೆ ಉದ್ದಕ್ಕೂ ಓರೆ ಗೆರೆಗಳು, ಅಲೆ ಅಲೆಯಾಗಿ. ಮಳೆ ಬರುವ ತಿಂಗಳಲ್ಲಿ ಉಡುತ್ತಾರೆ. ಕಡಲೇ ಇಲ್ಲದ ಊರಿನವರು ಬಟ್ಟೆಗೆ ಅಲೆಯ ಹೆಸರಿಟ್ಟಿದ್ದು ನನಗೆ ತುಂಬಾ ಇಷ್ಟವಾಯಿತು. ಲಹರಿ ಹಾಕಿ, ಮೂರಕ್ಷರ.

ಚೆಂಡೆ ಪೆಟ್ಟು, ಬಂಟ್ವಾಳ

ಲಹರಿಯನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾ? ತೆರೆ ಅಂತ ಮಾತಿಲ್ಲವಾ ನಮ್ಮಲ್ಲಿ?

ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಬರುವಾಗ ಇಬ್ಬರು ಒಂದು ಬಟ್ಟೆ ಹಿಡಿದು ನಿಲ್ಲುತ್ತಾರೆ, ಅದು ತೆರೆ. ಹಿಂದೆ ರಾಕ್ಷಸ, ಮುಂದೆ ನಾವು. ಚೆಂಡೆ ಬಾರಿಸುತ್ತಾ ಹೋಗುತ್ತಾರೆ. ಮೊದಲು ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಕಾಣುತ್ತದೆ. ಆಮೇಲೆ ಕೈಬೆರಳುಗಳು ಬಟ್ಟೆಯ ಅಂಚನ್ನು ಹಿಡಿಯುತ್ತವೆ, ಬಟ್ಟೆ ನಡುಗುತ್ತದೆ. ಒಂದು ಕಡೆ ತಗ್ಗುತ್ತದೆ, ಅರ್ಧ ಮುಖ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ದೀವಟಿಗೆಗೆ ರಾಳದ ಪುಡಿ ಎರಚಿ ಬೆಂಕಿ ಭಗ್ಗೆಂದು ಎದ್ದಾಗ ಎಲ್ಲರೂ ಎದ್ದು ಕೂರುತ್ತಾರೆ, ನಿದ್ದೆ ಮಾಡಿದ ಮಕ್ಕಳು ಕೂಡ. ಇದು ತೆರೆ ಕುಣಿತ. ಆ ಬಟ್ಟೆ ಇಲ್ಲದಿದ್ದರೆ ರಾಕ್ಷಸನನ್ನು ಕಂಡು ಅರ್ಧ ಭಯವೂ ಆಗುವುದಿಲ್ಲ. ಈಗ ಹೊತ್ತಿಗೆ ಮುಗಿಯಬೇಕು ಅಂತ ಇದನ್ನು ಮೊಟಕು ಮಾಡುತ್ತಾರೆ, ಅದು ನನಗೆ ದೊಡ್ಡ ಬೇಸರ. ಪ್ರಸಂಗದ ಬೇರೆ ಯಾವುದನ್ನಾದರೂ ಕಡಿಮೆ ಮಾಡಲಿ, ಇದನ್ನು ಬಿಡಬಾರದು.

ಕಾಸರಗೋಡು ದಾಟಿದರೆ ಕಥಕ್ಕಳಿಯಲ್ಲೂ ಇದೇ. ಬಟ್ಟೆಗೆ ತಿರಶ್ಶೀಲ ಅನ್ನುತ್ತಾರೆ, ತೆರೆಯ ಮೇಲಿಂದ ರಾಕ್ಷಸ ನೋಡುವುದಕ್ಕೆ ತಿರನೋಟ್ಟಂ. ಮತ್ತೆ ತಿರ ಅಂದರೆ ಮಲಯಾಳದಲ್ಲೂ ಅಲೆ.

ಮಿಲ್ ಫಿಟ್ಟರ್, ಕಟಪಾಡಿ

ಪರದೆ ಬಟ್ಟೆ ಸರಿ. ಆದರೆ ಅದು ಬಟ್ಟೆಯ ಕೆಲಸ ಹೇಗಾಗುತ್ತದೆ? ಕೋಂಬರ್ ಅಂದರೆ ನೂಲಿನ ಕೆಲಸದ ಒಳಗಿನ ಮಾತು. ಮತ್ತೆ ಬಾಗಿಲು ತೆರೆ ಅನ್ನುವುದೂ ತೆರೆಯೇ. ಒಂದೇ ಸದ್ದು ಅಂತ ಎಲ್ಲವನ್ನೂ ಒಂದೇ ಮಾತು ಅನ್ನಲು ಆಗುತ್ತದಾ?

ಕನ್ನಡ ಟೀಚರ್, ಉಡುಪಿ

ಒಳ್ಳೆಯ ಪ್ರಶ್ನೆ. ಬಾಗಿಲು ತೆರೆಯುವ ತೆರೆ ಬೇರೆಯೇ. ಹಳಗನ್ನಡದಲ್ಲಿ ಅದನ್ನು ಱ ಹಾಕಿ ಬರೆಯುತ್ತಿದ್ದರು, ತೆಱೆ. ತೆರಿಗೆಯದೂ ಱ. ತಮಿಳಿನಲ್ಲಿ ಇವತ್ತಿಗೂ ತೆರೆಯುವುದಕ್ಕೆ ಆ ಗಡಸು ರಕಾರವೇ. ಅಲೆಯ ತೆರೆಗೆ ಮೊದಲಿನಿಂದಲೂ ಸಾದಾ ರಕಾರ. ನಾವು ಱ ಬಿಟ್ಟುಬಿಟ್ಟ ಕಾರಣ ಈಗ ಎರಡೂ ಒಂದೇ ಥರ ಕಾಣುತ್ತವೆ.

ಅಲೆ ಮತ್ತು ಪರದೆಯ ವಿಷಯ ಹಾಗಲ್ಲ. ನಡುವೆ ಇನ್ನೊಂದು ಅರ್ಥ ಉಂಟು, ಸುಕ್ಕು. ಮುದುಕಾದವರಿಗೆ ನರೆತೆರೆ ಬಂತು ಅನ್ನುತ್ತೇವೆ. ನರೆ ಬಿಳಿ ಕೂದಲು, ತೆರೆ ಚರ್ಮದ ಸುಕ್ಕು. 12ನೇ ಶತಮಾನದಲ್ಲೇ ಎರಡೂ ಬಳಕೆ ಸಿಗುತ್ತವೆ. "ನೆರೆ ಕೆನ್ನೆಗೆ ತೆರೆ ಗಲ್ಲಕೆ" ಅನ್ನುವಾಗ ಬಸವಣ್ಣನವರ ತೆರೆ ಸುಕ್ಕು. ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗೆ ಅಂಜಿದರೆ ಹೇಗೆ ಅಂತ ಅಕ್ಕಮಹಾದೇವಿ ಕೇಳುವಾಗ ಅದು ಅಲೆ. ತಮಿಳಿನಲ್ಲಿ ತಿರೈ ಅನ್ನುವುದು ಕ್ರಿಯಾಪದವೂ ಹೌದು. ಸುಕ್ಕುಗಟ್ಟು, ಅಲೆಯಾಗಿ ಉರುಳು, ಬಟ್ಟೆಯನ್ನು ಒಟ್ಟು ಮಾಡಿ ಮೇಲಕ್ಕೆ ಎಳೆ ಅಂತೆಲ್ಲ ಅರ್ಥ. ಅಂದರೆ ಚಪ್ಪಟೆ ಇದ್ದದ್ದು ಮಡಿಕೆಯಾಗಿ ಏಳುವುದು. ನೀರು ಮಡಿಕೆಯಾಗಿ ಎದ್ದರೆ ಅಲೆ, ಚರ್ಮ ಆದರೆ ಸುಕ್ಕು, ಬಟ್ಟೆ ಆದರೆ ಪರದೆ. ನನ್ನ ಅಭಿಪ್ರಾಯದಲ್ಲಿ ಮೂರೂ ಒಂದೇ ಮಾತು.

ಕೋಂಬರ್ ಅಲೆಯ ನೆತ್ತಿಯನ್ನು ನೋಡಿ ಇಟ್ಟ ಹೆಸರು. ತೆರೆ ಅಲೆಯ ಇಡೀ ಮೈಯನ್ನು ನೋಡಿ ಇಟ್ಟದ್ದು. ಅದಕ್ಕೇ ನನಗೆ ನಮ್ಮ ಮಾತು ಹೆಚ್ಚು ಹಿಡಿಸುತ್ತದೆ.

ಇದನ್ನೆಲ್ಲ ಹುಡುಕಲು ನಾನು ಮೊದಲು ತೆಗೆಯುವುದು ಕಿಟ್ಟೆಲ್ ಕೋಶ. 1894ರಲ್ಲಿ ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್‌ನಿಂದ. ಅದೇ ಮಿಷನ್‌ನವರು 1851ರಲ್ಲಿ ಇದೇ ಊರಿನಲ್ಲಿ ನೇಯ್ಗೆಯ ಕೆಲಸ ಶುರು ಮಾಡಿದ್ದರು. ಖಾಕಿ ಬಣ್ಣದ ಕತೆ ಕೂಡ ಅಲ್ಲಿನ ಮಗ್ಗಗಳಿಗೇ ಅಂಟಿಕೊಂಡಿದೆ. ಮಾತು ಹುಡುಕಿದವರೂ ಬಟ್ಟೆ ನೇಯಿಸಿದವರೂ ಒಂದೇ ಊರಿನ ಒಂದೇ ಮನೆಯವರು.

ಮಗ್ಗದ ಮನೆ, ಕಿನ್ನಿಗೋಳಿ

ಟೀಚರ್, ಮಡಿಕೆಯಾಗಿ ಏಳುವುದು ಅಂದಿರಲ್ಲ, ಅದು ಮಗ್ಗದಲ್ಲಿ ದಿನಾ ಕಾಣುವುದೇ. ಹಾಸಿನ ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಉದ್ದಕ್ಕೆ ಎಳೆದು ಕಟ್ಟುತ್ತೇವೆ. ಬಿಗಿ ಎಲ್ಲ ಕಡೆ ಒಂದೇ ಇರಬೇಕು. ಒಂದು ಬದಿ ಸಡಿಲ ಆಯಿತೋ, ನೇಯುವಾಗ ಅಲ್ಲಿ ಬಟ್ಟೆ ಏಳುತ್ತದೆ. ಎಷ್ಟು ಬಡಿದರೂ ಕೂರುವುದಿಲ್ಲ. ಹಾಗಾಗಿ ಫಿಟ್ಟರ್ ಅಣ್ಣ, ಬಟ್ಟೆ ತೆರೆ ಏಳುವುದು ಕೆಲಸದ ಒಳಗಿನ ವಿಷಯವೇ.

ಕನ್ನಡ ಟೀಚರ್, ಉಡುಪಿ

ಇನ್ನೊಂದು ನೆನಪಾಯಿತು. ಹಳಗನ್ನಡದಲ್ಲಿ ಪರದೆಗೆ ತೆರೆಸೀರೆ ಅನ್ನುತ್ತಿದ್ದರು. ಆಗ ಸೀರೆ ಅಂದರೆ ಹೆಂಗಸರು ಉಡುವುದು ಮಾತ್ರ ಅಲ್ಲ, ಯಾವುದೇ ಬಟ್ಟೆ. ಮಲಯಾಳದ ತಿರಶ್ಶೀಲದಲ್ಲೂ ಹಿಂದಿನ ತುಂಡು ಬಟ್ಟೆಯೇ.

ಮಿಲ್ ಫಿಟ್ಟರ್, ಕಟಪಾಡಿ

ತೆರೆಸೀರೆ! ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ತೆರೆಗೆ ನನ್ನ ಒಪ್ಪಿಗೆ ಉಂಟು.

ಮಲ್ಪೆ ತಾಂಡೇಲ

ನೂಲು ಮತ್ತು ಕಡಲು ಅಂದರೆ ನನಗೆ ನೆನಪಾಗುವುದು ನೂಲ ಹುಣ್ಣಿಮೆ. ಜನಿವಾರ ಬದಲಿಸುವ ದಿನ ಕೆಲವರಿಗೆ. ನಮಗೆ ಅವತ್ತು ಸಮುದ್ರ ಪೂಜೆ. ಹಾಲು ಎರೆದು ತೆಂಗಿನಕಾಯಿ ಬಿಡುತ್ತೇವೆ. ಮಂಗಳೂರಿನವರು ತಣ್ಣೀರುಬಾವಿಯಲ್ಲಿ ಮಾಡುತ್ತಾರೆ. ಮೊದಲು ಬಲೆಯೂ ಹತ್ತಿ ಮತ್ತು ಸೆಣಬಿನ ನೂಲಿನದ್ದೇ. ಕೊಳೆಯಬಾರದು ಅಂತ ಮರದ ತೊಗಟೆ ಬೇಯಿಸಿದ ಒಗರು ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಮನೆ ಮುಂದೆ ಗಂಡಸರು ಹೆಂಗಸರು ಕೂತು ಹೆಣೆಯುವುದು, ಹರಿದದ್ದನ್ನು ಕಟ್ಟುವುದು. ನೈಲಾನ್ ಬಂದ ಮೇಲೆ ಆ ಕೆಲಸ ಹೋಯಿತು. ಅಕ್ಕನ ಮನೆಯಲ್ಲಿ ಮಗ್ಗ ಎಷ್ಟೋ, ನಮ್ಮ ಮನೆಯಲ್ಲಿ ಬಲೆ ಅಷ್ಟೇ ಇತ್ತು.

ಪದಬಂಧದವ, ಪಡುಬಿದ್ರಿ

ತೆರೆಯೇ ಹಾಕುತ್ತೇನೆ. ಲಹರಿ ಮುಂದಿನ ಸಂಚಿಕೆಗೆ ಇಡುತ್ತೇನೆ ಬಾಯಿ, ಬಿಡುವುದಿಲ್ಲ. ಸುಳಿವು ಹೀಗೆ ಇಟ್ಟಿದ್ದೇನೆ: "ಬಣ್ಣದ ವೇಷದ ಮುಂದೆ ಹಿಡಿಯುವುದು, ಅಳಿವೆಯಲ್ಲಿ ಎದ್ದು ಬೀಳುವುದು (2)". ಅಡ್ಡ ಸಾಲಿನಲ್ಲಿ ಕೂರಿಸಿದ್ದೇನೆ. ಈಗ ಮೇಲಿಂದ ಕೆಳಗೆ ಎರಡು ಮಾತು ಬೇಕು. ಒಂದು ತೆ ಅಕ್ಷರದಿಂದ ಶುರುವಾಗಬೇಕು, ಇನ್ನೊಂದು ರೆ ಅಕ್ಷರದಲ್ಲಿ ಮುಗಿಯಬೇಕು. ಎರಡೆರಡು ಮನೆ.

ಕನ್ನಡ ಟೀಚರ್, ಉಡುಪಿ

ಸುಳಿವಿಗೆ ಸುಕ್ಕನ್ನೂ ಸೇರಿಸಿ. "ಅಜ್ಜಿಯ ಗಲ್ಲದಲ್ಲಿ ಮೂಡುವುದು" ಅಂತ ಹಾಕಿದರೆ ಮೂರು ಅರ್ಥವೂ ಬಂದ ಹಾಗೆ ಆಯಿತು.

ಮಲ್ಪೆ ತಾಂಡೇಲ

ತೆಪ್ಪ ಹಾಕಿ. ಎರಡೇ ಮನೆ.

ಮಗ್ಗದ ಮನೆ, ಕಿನ್ನಿಗೋಳಿ

ರೆಯಲ್ಲಿ ಮುಗಿಯುವುದಕ್ಕೆ ಸೀರೆ. ಸುಳಿವು ನಾನೇ ಕೊಡುತ್ತೇನೆ, "2016ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ನೇಯ್ಗೆ". ಮಕ್ಕಳು ಬಿಡಿಸುವಾಗ ಮನೆಯಲ್ಲಿ ಒಬ್ಬರಾದರೂ ಕೇಳಲಿ.

ಪದಬಂಧದವ, ಪಡುಬಿದ್ರಿ

ಎರಡೂ ಕೂತವು. ಬಲಗಡೆಯ ಮೂಲೆ ಇನ್ನೂ ಖಾಲಿ ಉಂಟು. ಅಲ್ಲಿಗೆ ಹಣಿಗೆ ಹಾಕುತ್ತೇನೆ ಅಕ್ಕ, ಮೂರು ಮನೆ ಸರಿಯಾಗಿ ಸಿಗುತ್ತದೆ.